ಸೊರಾರಿಟಿ ಸ್ಕಾಲರ್‌ಶಿಪ್ ಅರ್ಜಿಗಳನ್ನು ಮನೆಯಿಂದಲೇ ಓದಿಕೊಡುವ ಕೆಲಸ ನನ್ನಿಂದ ಆಗುತ್ತಾ?

ಪ್ರಶ್ನೆ: ನಾನು ಹುಟ್ಟಿದ್ದು ದಾವಣಗೆರೆಯಲ್ಲಿ. ಒಂಬತ್ತು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದೆ. ಟೆಕ್ಸಾಸ್‌ನಲ್ಲಿ ಕಾಲೇಜು ಓದುವಾಗ ದಕ್ಷಿಣ ಏಷ್ಯಾದ ಹುಡುಗಿಯರ ಒಂದು ಸೊರಾರಿಟಿ (ಕಾಲೇಜು ಹುಡುಗಿಯರ ಸಂಘ) ಸೇರಿದ್ದೆ. ಈಗ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಹೊರಗೆ ಹೋಗಿ ಸೇವೆ ಮಾಡುವುದು ಸದ್ಯಕ್ಕೆ ಆಗದ ಮಾತು. ಮೊನ್ನೆ ಸೊರಾರಿಟಿಯ ಫೌಂಡೇಶನ್‌ನಿಂದ ಮೇಲ್ ಬಂತು. ಸ್ಕಾಲರ್‌ಶಿಪ್ ಅರ್ಜಿಗಳನ್ನು ಓದಿ ಅಂಕ ಹಾಕುವುದಕ್ಕೆ ಹಳೆಯ ಸದಸ್ಯೆಯರು ಬೇಕಂತೆ. ಮನೆಯಿಂದಲೇ ಮಾಡಬಹುದು, ತಲಾ 30 ಅರ್ಜಿ, ಮೂರು ವಾರ ಸಮಯ. ನನಗೆ ತುಂಬಾ ಆಸೆ. ಆದರೆ ನಾನು ಹಾಕಿದ ಅಂಕದಿಂದ ಒಬ್ಬ ಹುಡುಗಿಯ ಓದಿಗೆ ತೊಂದರೆಯಾದರೆ ಅಂತ ಭಯ. ನಮ್ಮ ಕನ್ನಡ ಕೂಟದ ಪರಿಚಯದವರ ಮಗಳೂ ಅರ್ಜಿ ಹಾಕಿದ್ದಾಳಂತೆ, ಅವಳ ಅಮ್ಮ ಆಗಲೇ ಫೋನ್ ಮಾಡಿದ್ದರು. ಕೆಲಸದ ವೀಸಾದವರ ಹೆಂಡತಿ ಮಕ್ಕಳಿಗೆ ಕೊಡುವ ಎಚ್-4 ವೀಸಾದಲ್ಲಿರುವ ನನ್ನ ನಾದಿನಿಗೂ ಇಂಥ ಕೆಲಸ ಮಾಡುವ ಇಷ್ಟವಿದೆ. ಅವಳು ಮಾಡಬಹುದಾ?

ಉತ್ತರ: ಖಂಡಿತ ಹೆಸರು ಕೊಡಿ. ಇಲ್ಲಿನ ಒಂದು ಯೂನಿವರ್ಸಿಟಿಯ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದವಳು. ಆಮೇಲೆ ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸೊರಾರಿಟಿಗೆ, ಬೇರೆ ಮಹಿಳಾ ಸಂಘಗಳಿಗೆ ಅರ್ಜಿ ಓದಿಕೊಡುತ್ತಿದ್ದೇನೆ. ನೀವು ಬರೆದ ಭಯ ಮೊದಲ ವರ್ಷ ನನಗೂ ಇತ್ತು. ಈಗಲೂ ಪೂರ್ತಿ ಹೋಗಿಲ್ಲ. ಹೋಗುವುದೂ ಬೇಡ. ಆ ಭಯ ಇದ್ದವರೇ ಒಂದು ಅರ್ಜಿಯನ್ನು ಎರಡನೇ ಸಲ ತೆಗೆದು ನೋಡುವುದು.

ಆದರೆ ಇಡೀ ಭಾರ ನಿಮ್ಮ ತಲೆಯ ಮೇಲೇ ಇದೆ ಅಂದುಕೊಳ್ಳಬೇಡಿ. ಸರಿಯಾಗಿ ನಡೆಯುವ ಕಡೆ ಒಂದೊಂದು ಅರ್ಜಿಯನ್ನೂ ಇಬ್ಬರೋ ಮೂವರೋ ಬೇರೆ ಬೇರೆ ಕೂತು ಓದುತ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಅಂಕಗಳ ಸರಾಸರಿ ತೆಗೆಯುತ್ತಾರೆ. ಒಬ್ಬರು 40 ಕೊಟ್ಟು ಇನ್ನೊಬ್ಬರು 22 ಕೊಟ್ಟರೆ ಆ ಅರ್ಜಿ ಮತ್ತೊಬ್ಬರ ಕೈಗೆ ಹೋಗುತ್ತದೆ, ಇಲ್ಲವೇ ಕಮಿಟಿಯ ಮುಂದೆ ಬರುತ್ತದೆ. ಕೊನೆಯ ತೀರ್ಮಾನ ಕಮಿಟಿಯದು. ನಿಮ್ಮ ಫೌಂಡೇಶನ್‌ನಲ್ಲೂ ಹೀಗೇ ಇದೆಯಾ ಅಂತ ಮೊದಲೇ ಕೇಳಿ. ಒಬ್ಬರೇ ಓದಿ ಒಬ್ಬರೇ ನಿರ್ಧರಿಸುವ ಪದ್ಧತಿ ಇದ್ದರೆ, ಎರಡನೇ ಓದುಗರನ್ನು ಹಾಕಿ ಅಂತ ಧೈರ್ಯವಾಗಿ ಹೇಳಿ.

ಊರಲ್ಲಿ ಕೂತು ಇದನ್ನು ಓದುವವರಿಗೆ ಸೊರಾರಿಟಿ ಅಂದರೆ ಏನು ಅಂತ ಎರಡು ಮಾತು ಹೇಳಿಬಿಡುತ್ತೇನೆ. ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರು ಕಟ್ಟಿಕೊಂಡ ಸಂಘಗಳು ಇವು. ಲ್ಯಾಟಿನ್‌ನಲ್ಲಿ ಸೊರೊರ್ ಅಂದರೆ ಅಕ್ಕ ಅಥವಾ ತಂಗಿ. 1870ರ ಸುಮಾರಿಗೆ ಇಲ್ಲಿನ ಕಾಲೇಜುಗಳು ಒಂದೊಂದಾಗಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದವು. ಗಂಡುಹುಡುಗರ ಸಂಘಗಳಲ್ಲಿ ಅವರಿಗೆ ಜಾಗ ಇರಲಿಲ್ಲ. ತಾವೇ ಕಟ್ಟಿಕೊಂಡರು. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಕಪ್ಪಾ ಆಲ್ಫಾ ಥೀಟಾ ಮತ್ತು ಕಪ್ಪಾ ಕಪ್ಪಾ ಗಾಮಾ ಎರಡೂ ಶುರುವಾಗಿದ್ದು 1870ರಲ್ಲಿ. ಸೊರಾರಿಟಿ ಅನ್ನುವ ಪದ ಬಂದಿದ್ದು ಆಮೇಲೆ, 1882ರಲ್ಲಿ. ಸಿರಾಕ್ಯೂಸ್‌ನ ಗಾಮಾ ಫೈ ಬೀಟಾ ಹುಡುಗಿಯರಿಗೆ ಫ್ರಾಂಕ್ ಸ್ಮಾಲಿ ಅನ್ನುವ ಲ್ಯಾಟಿನ್ ಮೇಷ್ಟ್ರು ಕೊಟ್ಟ ಪದ ಅದು. ಕಪ್ಪು ಹೆಣ್ಣುಮಕ್ಕಳು 1908ರಲ್ಲಿ ವಾಷಿಂಗ್ಟನ್‌ನ ಹಾವರ್ಡ್ ಯೂನಿವರ್ಸಿಟಿಯಲ್ಲಿ ಆಲ್ಫಾ ಕಪ್ಪಾ ಆಲ್ಫಾ ಕಟ್ಟಿದರು. ನಮ್ಮ ಕಡೆಯ ಹುಡುಗಿಯರ ಸರದಿ ಬಂದಿದ್ದು ತುಂಬಾ ತಡವಾಗಿ. 1998ರಲ್ಲಿ ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ನ್ಯೂಯಾರ್ಕ್‌ನಲ್ಲಿ ಸಿಗ್ಮಾ ಸಿಗ್ಮಾ ರೋ. ಒಂದೇ ವರ್ಷದಲ್ಲಿ ಮೂರು. ಮರುವರ್ಷ ಟೆಕ್ಸಾಸ್ ಎ ಅಂಡ್ ಎಮ್‌ನಲ್ಲಿ ಡೆಲ್ಟಾ ಕಪ್ಪಾ ಡೆಲ್ಟಾ. ನೂರೈವತ್ತು ವರ್ಷದ ಸಂಘಗಳ ಪಕ್ಕದಲ್ಲಿ ಇವು ಇನ್ನೂ ಎಳೆಯವು. ಇಲ್ಲಿ ಮನೆಯಿಂದ ಮೊದಲು ಕಾಲೇಜಿಗೆ ಹೋದ ಅಕ್ಕಂದಿರೇ ಈಗ ಕೈ ಜೋಡಿಸಬೇಕು. ಅದಕ್ಕೇ ನಿಮಗೆ ಮೇಲ್ ಬಂದಿದ್ದು.

ಇನ್ನು ನಿಮಗೆ ಬರುವ ಕಾಗದಪತ್ರದ ವಿಷಯ. ಅರ್ಜಿ ಕೈಗೆ ಬರುವ ಮೊದಲು ಎರಡು ಫಾರ್ಮಿಗೆ ಸಹಿ ಕೇಳುತ್ತಾರೆ. ಓದಿದ್ದನ್ನು ಯಾರಿಗೂ ಹೇಳುವುದಿಲ್ಲ ಅನ್ನುವುದು ಒಂದು. ಅರ್ಜಿ ಹಾಕಿದವರ ಪೈಕಿ ನನ್ನ ಸಂಬಂಧಿಕರೋ ಪರಿಚಯದವರೋ ಇದ್ದರೆ ತಿಳಿಸುತ್ತೇನೆ ಅನ್ನುವುದು ಇನ್ನೊಂದು. ಸುಮ್ನೆ ಶಾಸ್ತ್ರಕ್ಕೆ ಅಂತ ಸಹಿ ಹಾಕಬೇಡಿ. ಸೊರಾರಿಟಿ ಬೇರೆ, ಅದರ ಫೌಂಡೇಶನ್ ಬೇರೆ. ತೆರಿಗೆ ಕಾನೂನಿನ ಲೆಕ್ಕದಲ್ಲಿ ಸೊರಾರಿಟಿ ಸಾಮಾನ್ಯವಾಗಿ 501(ಸಿ)(7), ಅಂದರೆ ಸದಸ್ಯರ ಕ್ಲಬ್ಬು. ಫೌಂಡೇಶನ್ 501(ಸಿ)(3), ಅಂದರೆ ದತ್ತಿ ಸಂಸ್ಥೆ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದು ಎರಡನೆಯದಕ್ಕೆ ಮಾತ್ರ. ಆ ವಿನಾಯಿತಿ ಉಳಿಯಬೇಕಾದರೆ ಸ್ಕಾಲರ್‌ಶಿಪ್ ಹಣ ಮುಖ ನೋಡಿ ಕೊಟ್ಟದ್ದಲ್ಲ, ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಟ್ಟದ್ದು ಅಂತ ಕಾಗದದಲ್ಲಿ ತೋರಿಸಬೇಕು. ನೀವು ಹಾಕುವ ಅಂಕ, ಬರೆಯುವ ಎರಡು ಸಾಲಿನ ಟಿಪ್ಪಣಿ, ಇವೇ ಆ ಕಾಗದ.

ಒಂದೇ ಅಳತೆ ಅಂದಾಗಲೆಲ್ಲ ನನಗೆ ನಮ್ಮಪ್ಪನ ಅಂಗಡಿ ನೆನಪಾಗುತ್ತದೆ. ತಿಪಟೂರಿನಲ್ಲಿ ಅವರದು ಸಣ್ಣ ದಿನಸಿ ಅಂಗಡಿ. ಅಕ್ಕಿ ಅಳೆಯುವಾಗ ಸೇರಿನ ತಲೆಯನ್ನು ಅಂಗೈಯಿಂದ ಸವರಿಯೇ ಹಾಕುತ್ತಿದ್ದರು. ಒಬ್ಬರಿಗೆ ಗೋಪುರ ಮಾಡಿ ಕೊಡುವುದು, ಇನ್ನೊಬ್ಬರಿಗೆ ಸವರಿ ಕೊಡುವುದು ಅವರಲ್ಲಿ ಇರಲಿಲ್ಲ. ಹೊತ್ತು ಮುಳುಗುವಾಗ ಬಂದ ಗಿರಾಕಿಗೂ ಬೆಳಗ್ಗೆ ಬಂದವರಿಗೂ ಅದೇ ಸೇರು, ಅದೇ ಕೈ. ಅರ್ಜಿ ಓದುವವರ ಕೈಯಲ್ಲೂ ಅಂಥ ಒಂದು ಸೇರು ಇರುತ್ತದೆ. ಅದಕ್ಕೆ ಇಲ್ಲಿ ರೂಬ್ರಿಕ್ ಅನ್ನುತ್ತಾರೆ. ಓದು, ಮುಂದಾಳತ್ವ, ಸೇವೆ, ಪ್ರಬಂಧ, ಶಿಫಾರಸು ಪತ್ರ, ಹಣದ ಅಗತ್ಯ, ಹೀಗೆ ಕೆಲವು ಕಲಂ. ಒಂದೊಂದಕ್ಕೂ 1ರಿಂದ 5, ಇಲ್ಲವೇ 1ರಿಂದ 10. ಯಾವುದಕ್ಕೆ 3, ಯಾವುದಕ್ಕೆ 5 ಅಂತ ಪಕ್ಕದಲ್ಲಿ ಒಂದು ಸಾಲು ವಿವರಣೆ ಇರುತ್ತದೆ. ಜಾಸ್ತಿ ಜನ ಆ ವಿವರಣೆ ಓದುವುದೇ ಇಲ್ಲ. ನೀವು ಅದನ್ನು ಪ್ರಿಂಟ್ ತೆಗೆದು ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಳ್ಳಿ.

ಆ ಒಂದು ಸಾಲು ಎಷ್ಟು ಮುಖ್ಯ ಅನ್ನುವುದಕ್ಕೆ ನಾನು ಓದಿದ ಎರಡು ಅರ್ಜಿಗಳ ಕಥೆ ಹೇಳುತ್ತೇನೆ. ಯಾರದು ಅಂತ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮೊದಲನೆಯ ಹುಡುಗಿಯ ಪಟ್ಟಿಯಲ್ಲಿ ಹದಿನಾಲ್ಕು ಹುದ್ದೆ. ಅಲ್ಲಿ ಅಧ್ಯಕ್ಷೆ, ಇಲ್ಲಿ ಸಂಚಾಲಕಿ, ಮತ್ತೊಂದು ಕಡೆ ಉಪಾಧ್ಯಕ್ಷೆ. ಪ್ರಬಂಧ ನೀರು ಕುಡಿದಂತೆ ಓದಿಸಿಕೊಂಡು ಹೋಯಿತು. ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಕಾಲೇಜಿನ ಸರಾಸರಿ ಅಂಕ, 3.9. ಎರಡನೆಯವಳದು 3.3. ಹುದ್ದೆ ಅಂತ ಬರೆದಿದ್ದು ಒಂದೇ, ತನ್ನ ಚಾಪ್ಟರಿನ, ಅಂದರೆ ತನ್ನ ಕಾಲೇಜಿನ ಸೊರಾರಿಟಿ ಶಾಖೆಯ, ಖಜಾಂಚಿ. ಪ್ರಬಂಧ ಕೇಳಿದ ಅಳತೆಯ ಅರ್ಧವೂ ಇಲ್ಲ. ಮುಂದಾಳತ್ವದ ಕಲಂನಲ್ಲಿ ಮೊದಲನೆಯವಳಿಗೆ 5, ಎರಡನೆಯವಳಿಗೆ 2 ಹಾಕಿ ಮುಂದೆ ಹೋದೆ. ರಾತ್ರಿ ಮಲಗುವ ಮೊದಲು ರೂಬ್ರಿಕ್ ಇನ್ನೊಮ್ಮೆ ಕಣ್ಣಿಗೆ ಬಿತ್ತು. ಅದರಲ್ಲಿ ಹುದ್ದೆಗಳ ಎಣಿಕೆ ಕೇಳಿಯೇ ಇರಲಿಲ್ಲ. "ಇವಳಿಂದ ಏನು ಬದಲಾಯಿತು" ಅಂತ ಕೇಳಿತ್ತು.

ಎದ್ದು ಬಂದು ಎರಡೂ ಅರ್ಜಿ ಮತ್ತೆ ತೆಗೆದೆ. ಖಜಾಂಚಿ ಹುಡುಗಿ ಪ್ರಬಂಧದ ನಡುವೆ ಒಂದು ಸಾಲು ಬರೆದಿದ್ದಳು. ವರ್ಷದ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟಲಾಗದೆ ಕೆಲವರು ಸಂಘ ಬಿಡುವುದರಲ್ಲಿದ್ದರು. ಇವಳು ಕೂತು ಲೆಕ್ಕ ಹಾಕಿ ಎಂಟು ತಿಂಗಳ ಕಂತು ಮಾಡಿಕೊಟ್ಟಿದ್ದಳು. ಆ ವರ್ಷ ಹಣದ ಕಾರಣಕ್ಕೆ ಯಾರೂ ಬಿಟ್ಟುಹೋಗಲಿಲ್ಲ. ಅಷ್ಟೇ ಸಾಲು. ಅದರ ಕೆಳಗೆ, ಫಾರ್ಮಿನ ಮೂಲೆಯ ಸಣ್ಣ ಚೌಕದಲ್ಲಿ, ವಾರಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ ಅನ್ನುವ ಪ್ರಶ್ನೆಗೆ 28 ಅಂತ ಇತ್ತು. ಆ ಚೌಕವನ್ನು ನಾನು ಮೊದಲ ಸಲ ನೋಡಿಯೇ ಇರಲಿಲ್ಲ. ವಾರಕ್ಕೆ 28 ಗಂಟೆ ದುಡಿದುಕೊಂಡು 3.3 ತೆಗೆದವಳು ಅವಳು. ಹದಿನಾಲ್ಕು ಹುದ್ದೆಯ ಹುಡುಗಿ ಅಷ್ಟೂ ಕಡೆ ಏನು ಮಾಡಿದಳು ಅಂತ ಹುಡುಕಿದೆ. ಮೂರು ಕಡೆ ನಿಜವಾಗಿ ಒಳ್ಳೆಯ ಕೆಲಸ ಸಿಕ್ಕಿತು. ಉಳಿದದ್ದು ಬರೀ ಹೆಸರು. ಕೊನೆಗೆ ಆ ಕಲಂನಲ್ಲಿ ಇಬ್ಬರಿಗೂ 4 ಕೊಟ್ಟೆ. ಇದರಲ್ಲಿ ನನ್ನ ಕರುಣೆ ಏನೂ ಇಲ್ಲ. ರೂಬ್ರಿಕ್ ಕೇಳಿದ್ದನ್ನು ಓದಿದೆ, ಅಷ್ಟೇ.

ಹಾಗಾಗಿ ದೊಡ್ಡ ಅಕ್ಷರದಲ್ಲಿರುವುದಕ್ಕಿಂತ ಆ ಸಣ್ಣ ಚೌಕಗಳನ್ನು ಮೊದಲು ನೋಡುವ ಅಭ್ಯಾಸ ಮಾಡಿಕೊಳ್ಳಿ. ದುಡಿಯುವ ಗಂಟೆ, ಮನೆಯಲ್ಲಿ ಎಷ್ಟು ಜನ ಕಾಲೇಜಿನಲ್ಲಿದ್ದಾರೆ, ಯಾವ ವರ್ಷ ಬೇರೆ ಕಾಲೇಜಿನಿಂದ ಬಂದಳು. ನಮ್ಮವರಿಗೆ ಇನ್ನೊಂದು ರೂಢಿ ಇದೆ. ಯಾರ ಮಗುವನ್ನು ನೋಡಿದರೂ ಮೊದಲು ಕೇಳುವುದು "ಎಷ್ಟು ಮಾರ್ಕ್ಸು?" ನಾವು ಬೆಳೆದಿದ್ದೇ ಹಾಗೆ. ಜಿಪಿಎ ಮೊದಲು ನೋಡಿಬಿಟ್ಟರೆ ಆ ಸಂಖ್ಯೆ ಉಳಿದ ಎಲ್ಲದರ ಮೇಲೂ ಬಣ್ಣ ಬಳಿಯುತ್ತದೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ತೋರಿಸಿದ್ದರು. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ಮುಂದಾಳತ್ವ, ನಡತೆ ಅಂತ ಬೇರೆ ಬೇರೆ ಅಂಕ ಕೊಟ್ಟಿದ್ದರು. ನೋಡಿದರೆ ಒಂದರಲ್ಲಿ ಜಾಸ್ತಿ ಸಿಕ್ಕವನಿಗೆ ಎಲ್ಲದರಲ್ಲೂ ಜಾಸ್ತಿ. ಒಂದು ಗುಣದ ಹೊಳಪು ಉಳಿದ ಗುಣಗಳಿಗೂ ಅಂಟಿಕೊಂಡಿತ್ತು. ಇದಕ್ಕೆ ನಾನು ಮಾಡುವ ಉಪಾಯ ಸುಲಭ. ಪ್ರಬಂಧ ಮೊದಲು ಓದಿ ಅಂಕ ಹಾಕುತ್ತೇನೆ, ಆಮೇಲೆ ಸೇವೆ ಮತ್ತು ಮುಂದಾಳತ್ವ, ಜಿಪಿಎ ಕೊನೆಗೆ. ಜಿಪಿಎ ಕಲಂಗೆ ಹೇಗೂ ಬರೀ ಸಂಖ್ಯೆ ನೋಡಿ ಅಂಕ ಬೀಳುತ್ತದೆ.

ಶಿಫಾರಸು ಪತ್ರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪತ್ರದ ಉದ್ದ ಬರೆದವರ ಸ್ವಭಾವ, ಬಿಡುವು ಎರಡನ್ನೂ ಹೇಳುತ್ತದೆ. ಹುಡುಗಿಯ ಬಗ್ಗೆ ಹೇಳುವುದು ಕಡಿಮೆ. "ತುಂಬಾ ಒಳ್ಳೆಯ ಹುಡುಗಿ" ಅನ್ನುವ ಒಂದು ಪುಟಕ್ಕಿಂತ, ಅವಳು ಮಾಡಿದ ಒಂದು ಕೆಲಸ ಹೇಳಿದ ನಾಲ್ಕು ಸಾಲು ಮೇಲು.

ಸಮಯದ ಲೆಕ್ಕ ಈಗ. ಒಂದು ಅರ್ಜಿಗೆ ನನಗೆ 15ರಿಂದ 20 ನಿಮಿಷ ಹಿಡಿಯುತ್ತದೆ. 30 ಅರ್ಜಿ ಅಂದರೆ ಏಳೂವರೆಯಿಂದ ಹತ್ತು ಗಂಟೆ. ಮೂರು ವಾರ ಧಾರಾಳವಾಗಿ ಸಾಕು, ಕೊನೆಯ ಎರಡು ರಾತ್ರಿಗೆ ಉಳಿಸಿಕೊಳ್ಳದಿದ್ದರೆ. ನಾನು ಮೊದಲ ವರ್ಷ ಹಾಗೇ ಮಾಡಿದ್ದೆ. 40 ಅರ್ಜಿಯನ್ನು ಎರಡು ರಾತ್ರಿಯಲ್ಲಿ ಮುಗಿಸಿದೆ. ಆಮೇಲೆ ಕಮಿಟಿಯವರು ನನ್ನ ಅಂಕಗಳನ್ನು ಓದಿದ ಕ್ರಮದಲ್ಲೇ ಜೋಡಿಸಿ ತೋರಿಸಿದರು. ಕೊನೆಯ ಹನ್ನೆರಡು ಅರ್ಜಿಗಳಿಗೆ ಬೇರೆ ಓದುಗರು ಕೊಟ್ಟದ್ದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಕೊಟ್ಟಿದ್ದೆ. ಆ ಹನ್ನೆರಡು ಹುಡುಗಿಯರು ಮಾಡಿದ ತಪ್ಪು ಒಂದೇ, ನನಗೆ ನಿದ್ದೆ ಬಂದಾಗ ಅವರ ಸರದಿ ಬಂದಿತ್ತು. ಕಮಿಟಿ ಅವನ್ನು ಬೇರೆಯವರಿಂದ ಓದಿಸಿತು, ಆದ್ದರಿಂದ ಅನ್ಯಾಯ ಆಗಲಿಲ್ಲ. ಆದರೂ ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಂದಿನಿಂದ ಒಂದು ಸಲ ಕೂತರೆ ಐದೇ ಅರ್ಜಿ. ಬೆಳಗ್ಗೆ ಐದೂವರೆಗೆ ಎದ್ದು, ಕಾಫಿ ಸೋಸಿಕೊಂಡು, ಮನೆ ಏಳುವ ಮೊದಲು ಮುಗಿಸುತ್ತೇನೆ. ನಿಮಗೆ ಚಿಕ್ಕ ಮಕ್ಕಳಿದ್ದಾರೆ, ಮಧ್ಯಾಹ್ನ ಅವರು ಮಲಗಿದಾಗ ಮೂರು ಓದಿದರೂ ಸಾಕು. ಮೊದಲ ಮೂರು ಅರ್ಜಿಗೆ ಅಂಕ ಹಾಕಿದರೂ ಕಳಿಸಬೇಡಿ. ಹತ್ತು ಓದಿದ ಮೇಲೆ ಆ ಮೂರನ್ನು ಮತ್ತೆ ನೋಡಿ. ಅಷ್ಟರಲ್ಲಿ ನಿಮ್ಮ ಸೇರು ಗಟ್ಟಿಯಾಗಿರುತ್ತದೆ, ಮೊದಲನೆಯವರಿಗೆ ಗೋಪುರ ಮಾಡಿದ್ದಿರೋ ಜಾಸ್ತಿ ಸವರಿದ್ದಿರೋ ಗೊತ್ತಾಗುತ್ತದೆ. ಇನ್ನೊಂದು, ಎಲ್ಲರಿಗೂ 4 ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಯಾರ ಮನಸ್ಸೂ ನೋಯದಿರಲಿ ಅನ್ನುವ ಒಳ್ಳೆಯತನದಿಂದಲೇ ಹಾಗಾಗುತ್ತದೆ. ಆದರೆ 30 ಅರ್ಜಿಗೂ 4 ಕೊಟ್ಟರೆ ನೀವು ಓದಿದ್ದಕ್ಕೂ ಓದದೇ ಇದ್ದದ್ದಕ್ಕೂ ವ್ಯತ್ಯಾಸವೇ ಇರುವುದಿಲ್ಲ. 2 ಕೊಡಬೇಕಾದ ಕಡೆ 2 ಕೊಡಿ, ಯಾಕೆ ಅಂತ ಒಂದು ಸಾಲು ಬರೆಯಿರಿ. ಆ ಸಾಲನ್ನು ಮುಂದೊಂದು ದಿನ ಆ ಹುಡುಗಿಯೇ ಓದಬಹುದು ಅಂದುಕೊಂಡು ಬರೆಯಿರಿ.

ಈಗ ಹೇಳುವ ವಿಷಯ ಇಲ್ಲಿನ ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ. ನಿಮ್ಮದು ದಕ್ಷಿಣ ಏಷ್ಯಾದ ಹುಡುಗಿಯರ ಸೊರಾರಿಟಿ. ಅರ್ಜಿಯ ಮೇಲೆ ಹೆಸರು ಕಾಣುತ್ತಿದ್ದರೆ, ಅಮೆರಿಕನ್ ಓದುಗರಿಗೆ ಕಾಣದ್ದು ನಿಮಗೆ ಕಾಣುತ್ತದೆ. ಗೌಡ, ಹೆಗಡೆ, ಶೆಟ್ಟಿ, ಪಾಟೀಲ, ರಾವ್ ಅಂತ ಕಂಡ ಕೂಡಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಊರು, ಭಾಷೆ, ಜಾತಿ ಎಲ್ಲ ಊಹೆಯಾಗಿ ಹೋಗುತ್ತದೆ. ಬೇಡ ಅಂದರೂ ಆಗುತ್ತದೆ. "ಅಯ್ಯೋ, ನಮ್ಮವಳು" ಅಂತ ಮನಸ್ಸು ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಕೆಲವು ಹೆಸರಿಗೆ ಒಂದು ಹೆಜ್ಜೆ ಹಿಂದೆಯೂ ಹೋಗಿರಬಹುದು. ಅದನ್ನು ನಮಗೆ ನಾವೇ ಒಪ್ಪಿಕೊಳ್ಳುವುದು ಇನ್ನೂ ಕಷ್ಟ.

ನನ್ನ ಅಮ್ಮನ ಅಪ್ಪ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಮನೆಗಳ ಋಣವನ್ನು ಸಾಯುವವರೆಗೂ ನೆನೆಸುತ್ತಿದ್ದರು. ನಾನೂ ಕೈ ಮುಗಿಯುತ್ತೇನೆ. ಆದರೆ ಆ ಬಾಗಿಲು ತೆರೆದದ್ದು ಪರಿಚಯದಿಂದ, ಜಾತಿಯಿಂದ. ಅದೇ ಬೀದಿಯಲ್ಲಿ ಅಷ್ಟೇ ಹಸಿದ, ಅಷ್ಟೇ ಓದುವ ಇನ್ನೊಬ್ಬ ಹುಡುಗ ಬಂದಿದ್ದರೆ ಯಾರೂ ಒಳಗೆ ಕರೆಯುತ್ತಿರಲಿಲ್ಲ. ಹುಡುಗಿಯ ಮಾತಂತೂ ಇಲ್ಲವೇ ಇಲ್ಲ. ಹೆಸರು ಗೊತ್ತಿಲ್ಲದ, ಮುಖ ನೋಡದ ಹುಡುಗಿಗೆ ಓದೋಕೆ ಹಣ ಸಿಗುವ ಹಾಗೆ ಮಾಡುವುದು, ಅದೂ ಅವಳ ಕೆಲಸ ಓದಿ. ನಾನು ಇಷ್ಟು ವರ್ಷ ಈ ಕೆಲಸ ಬಿಡದೆ ಮಾಡುತ್ತಿರುವುದು ಅದಕ್ಕೇ. ನಿಮ್ಮ ಪೋರ್ಟಲ್‌ನಲ್ಲಿ ಹೆಸರು ಮುಚ್ಚುವ ಸೌಲಭ್ಯ ಇದೆಯಾ ಅಂತ ಫೌಂಡೇಶನ್‌ನವರನ್ನು ಕೇಳಿ. ಅರ್ಜಿಗಳನ್ನು ನಡೆಸುವ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಅದು ಇರುತ್ತದೆ, ಯಾರೂ ಆನ್ ಮಾಡಿರುವುದಿಲ್ಲ. ಇಲ್ಲದಿದ್ದರೆ ಹೆಸರಿರುವ ಪುಟವನ್ನು ಬಿಟ್ಟು ನೇರ ಪ್ರಬಂಧಕ್ಕೆ ಹೋಗಿ.

ಪರಿಚಯದವರ ಮಗಳ ವಿಷಯಕ್ಕೆ ಬರೋಣ. ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಆ ಅರ್ಜಿ ನೀವು ಓದುವ ಹಾಗಿಲ್ಲ. ಹೆಸರು ಕೊಡುವ ಮೇಲ್‌ನಲ್ಲೇ ಬರೆದುಬಿಡಿ: ಇಂಥ ಕಾಲೇಜಿನ ಇಂಥ ಅರ್ಜಿದಾರೆಯ ಮನೆಯವರು ನನಗೆ ಪರಿಚಯ, ಅವಳ ಅರ್ಜಿ ನನಗೆ ಕಳಿಸಬೇಡಿ. ನೀವು ಓದಿದ ಚಾಪ್ಟರ್ ಯಾವುದು ಅಂತಲೂ ತಿಳಿಸಿ, ಅಲ್ಲಿನ ಅರ್ಜಿಗಳನ್ನು ಬೇರೆಯವರಿಗೆ ಕೊಡುತ್ತಾರೆ. ಅವಳ ಜೊತೆ ಅದೇ ಸ್ಕಾಲರ್‌ಶಿಪ್‌ಗೆ ಪೈಪೋಟಿ ಮಾಡುವವರ ಅರ್ಜಿ ನಿಮಗೆ ಬಂದರೆ ಓದಬಹುದಾ ಅಂತಲೂ ಕೇಳಿ. ಅವಳಿಗೆ ಹೆಚ್ಚು ಕೊಡುವುದು ಒಂದು ದಾರಿ, ಉಳಿದವರಿಗೆ ಕಡಿಮೆ ಕೊಡುವುದು ಇನ್ನೊಂದು ದಾರಿ. ಎರಡೂ ಒಂದೇ ಊರಿಗೆ ಹೋಗುತ್ತವೆ. ಬೇರೆ ಸ್ಕಾಲರ್‌ಶಿಪ್‌ನ ಅರ್ಜಿಗಳನ್ನೇ ಕೇಳಿ ಪಡೆದರೆ ಎಲ್ಲರಿಗೂ ನೆಮ್ಮದಿ.

ಫೋನ್ ಮಾಡಿದ ತಾಯಿಗೆ ಏನು ಹೇಳುವುದು? ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಪರಿಚಯದವರನ್ನು ಕೇಳಿದರೆ ಕೆಲಸ ಆಗುತ್ತದೆ ಅನ್ನುವ ಊರಿನಿಂದ ನಾವೆಲ್ಲ ಬಂದವರು. ಮಗಳ ಮೇಲಿನ ಆಸೆ, ಅಷ್ಟೇ. ನಾನು ಹೇಳುವ ಮಾತು ಇದು: "ಅಕ್ಕಾ, ನಿಮ್ಮ ಮಗಳ ಅರ್ಜಿ ನನ್ನ ಹತ್ತಿರ ಬರುವುದೇ ಇಲ್ಲ, ಪರಿಚಯದವರು ಅಂತ ನಾನೇ ಬರೆದುಕೊಟ್ಟಿದ್ದೇನೆ. ಮುಂದಿನ ವರ್ಷ ನಾನು ಓದುಗರ ಪಟ್ಟಿಯಲ್ಲಿ ಇಲ್ಲದಿದ್ದರೆ, ಪ್ರಬಂಧ ಬರೆಯುವಾಗ ಕೂತು ಸಹಾಯ ಮಾಡುತ್ತೇನೆ." ಇಷ್ಟು ಹೇಳಿದ ಮೇಲೆ ಯಾರೂ ಮತ್ತೆ ಕೇಳಿಲ್ಲ. ಅವಳಿಗೆ ಸಿಕ್ಕಿತಾ ಇಲ್ಲವಾ ಅಂತ ಆಮೇಲೆ ಕೇಳಿದರೂ, ಗೊತ್ತಿದ್ದರೂ ಹೇಳಬೇಡಿ. ಯಜಮಾನರಿಗೂ ಹೇಳಬೇಡಿ. ಕೂಟದ ಯುಗಾದಿ ಊಟದಲ್ಲಿ ಮಾತು ಒಬ್ಬರ ಎಲೆಯಿಂದ ಇನ್ನೊಬ್ಬರ ಎಲೆಗೆ ಹೋಗುವುದು ಎಷ್ಟು ಬೇಗ ಅಂತ ನಿಮಗೆ ಗೊತ್ತು.

ಹಣದ ಅಗತ್ಯದ ಕಲಂ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಜನ ಜಾಸ್ತಿ ಎಡವುವುದು ಅಲ್ಲೇ. ವಿದ್ಯಾರ್ಥಿಗಳು ಫಾಫ್ಸಾ ಅನ್ನುವ ಸರ್ಕಾರಿ ಫಾರ್ಮ್ ತುಂಬಿದರೆ ಎಸ್‌ಎಐ ಅಂತ ಒಂದು ಸಂಖ್ಯೆ ಬರುತ್ತದೆ, ಮನೆಯವರು ಓದಿಗೆ ಎಷ್ಟು ಹಣ ಹೊಂದಿಸಬಲ್ಲರು ಅನ್ನುವ ಅಂದಾಜು ಅದು. 2024-25ರ ಶೈಕ್ಷಣಿಕ ವರ್ಷದಿಂದ ಹಳೆಯ ಇಎಫ್‌ಸಿ ಹೋಗಿ ಇದು ಬಂತು. ಸಂಖ್ಯೆ ಕಡಿಮೆ ಇದ್ದಷ್ಟೂ ಅಗತ್ಯ ಜಾಸ್ತಿ. ಮೈನಸ್ 1,500ರವರೆಗೂ ಇಳಿಯಬಹುದು, ಆ ಮೈನಸ್ ನೋಡಿ ತಪ್ಪು ತುಂಬಿದ್ದಾಳೆ ಅಂದುಕೊಳ್ಳಬೇಡಿ. ಆದರೆ ಬರೀ ಆ ಸಂಖ್ಯೆ ನೋಡಿದರೆ ಸಾಲದು. ಕಾಲೇಜಿನ ವರ್ಷದ ಒಟ್ಟು ಖರ್ಚು ಎಷ್ಟು, ಅದರಲ್ಲಿ ಎಸ್‌ಎಐ ಕಳೆದು, ಬೇರೆ ಸಹಾಯಧನ ಕಳೆದು, ಉಳಿಯುವ ಗುಂಡಿ ಎಷ್ಟು ಅಂತ ನೋಡಿ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಸರ್ಕಾರ ಕೊಡುವ ಸಹಾಯಧನ ಪೆಲ್ ಗ್ರಾಂಟ್ 2025-26ರಲ್ಲಿ ಹೆಚ್ಚೆಂದರೆ 7,395 ಡಾಲರ್. ಖಾಸಗಿ ಕಾಲೇಜಿನಲ್ಲಿ ಓದುವವಳಿಗೆ ಅದು ಎಲ್ಲಿಗೂ ಸಾಲದು.

ಎಸ್‌ಎಐ ಜಾಗ ಖಾಲಿ ಇದ್ದರೆ? ಅಲ್ಲಿ ಸೊನ್ನೆ ಅಂಕ ಹಾಕಿ ಮುಂದೆ ಹೋಗುವ ಓದುಗರನ್ನು ನೋಡಿದ್ದೇನೆ. ಎಚ್-4ನಲ್ಲಿ ಬೆಳೆದ ಹುಡುಗಿ, ವಿದ್ಯಾರ್ಥಿ ವೀಸಾದವಳು, ಇವರಿಗೆ ಸರ್ಕಾರದ ಸಹಾಯಧನಕ್ಕೆ ಅರ್ಹತೆಯೇ ಇಲ್ಲ. ಫಾಫ್ಸಾ ತುಂಬಿ ಅವರಿಗೆ ಆಗಬೇಕಾದ್ದೂ ಇಲ್ಲ. ನಮ್ಮ ಎಷ್ಟೋ ಕನ್ನಡದ ಮನೆಗಳ ಮಕ್ಕಳು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತೇ 21 ದಾಟಿ, ಅಪ್ಪ ಅಮ್ಮನ ವೀಸಾದ ಆಸರೆಯಿಂದ ಹೊರಗೆ ಬಿದ್ದುಬಿಡುತ್ತಾರೆ. ಅಂಥವಳಿಗೆ ಪೆಲ್ ಗ್ರಾಂಟೂ ಇಲ್ಲ, ಸರ್ಕಾರದ ಸಾಲವೂ ಇಲ್ಲ. ಖಾಲಿ ಕಲಂ ಅಂದರೆ ಅಗತ್ಯ ಇಲ್ಲ ಅಂತ ಅರ್ಥ ಅಲ್ಲ. ಇಂಥ ಅರ್ಜಿಗೆ ಅಂಕ ಹೇಗೆ ಹಾಕಬೇಕು ಅಂತ ನೀವೇ ಊಹಿಸಬೇಡಿ. ಫೌಂಡೇಶನ್‌ಗೆ ಬರೆದು ಕೇಳಿ. ನೀವು ಕೇಳಿದರೆ ಉಳಿದ ಓದುಗರಿಗೂ ಅದೇ ಉತ್ತರ ಹೋಗುತ್ತದೆ.

ಪ್ರಬಂಧಗಳು ಮನಸ್ಸು ಕಲಕುತ್ತವೆ, ಅದಕ್ಕೆ ತಯಾರಿರಿ. ಅಪ್ಪ ತೀರಿಕೊಂಡದ್ದು, ಅಮ್ಮನ ಕಾಯಿಲೆ, ಮನೆ ಬಿಟ್ಟು ಬಂದದ್ದು. ಓದುತ್ತ ಅತ್ತಿದ್ದೇನೆ. ಆದರೆ ಅಂಕ ಹಾಕುವುದು ಸಂಕಟಕ್ಕಲ್ಲ. ಪ್ರಶ್ನೆ ಏನು ಕೇಳಿದೆ, ಅದಕ್ಕೆ ಉತ್ತರ ಬಂದಿದೆಯಾ ಅಂತ ನೋಡಿ. ಇಲ್ಲದಿದ್ದರೆ ತನ್ನ ನೋವನ್ನು ಅಪರಿಚಿತರ ಮುಂದೆ ಹರಡಲಾರದೆ ಸುಮ್ಮನಿದ್ದ ಹುಡುಗಿಗೆ ಅನ್ಯಾಯವಾಗುತ್ತದೆ. ವಲಸೆ ಬಂದ ಮನೆಯ ಹುಡುಗಿಯರು "ನಾನು ಮಾಡಿದೆ" ಅಂತ ಬರೆಯಲು ಹಿಂಜರಿಯುತ್ತಾರೆ. "ನಾವೆಲ್ಲ ಸೇರಿ ಮಾಡಿದೆವು" ಅನ್ನುತ್ತಾರೆ. ಮನೆಯಲ್ಲಿ ಕಲಿಸಿದ್ದೇ ಹಾಗೆ, ಅಲ್ವಾ? ಅವರಿಗೆ ಅಂತ ಒಂದು ಅಂಕ ಜಾಸ್ತಿ ಕೊಡಬೇಡಿ. ಆದರೆ ಆ "ನಾವು" ಒಳಗೆ ಇವಳ ಕೈ ಎಲ್ಲಿದೆ ಅಂತ ನಿಧಾನವಾಗಿ ಹುಡುಕಿ. ಯಾರಾದರೂ ಜೀವಕ್ಕೆ ಅಪಾಯವಿದೆ ಅಂತ ಬರೆದಿದ್ದರೆ, ಯಾರೋ ಹೊಡೆಯುತ್ತಿದ್ದಾರೆ ಅಂತಿದ್ದರೆ, ಮೂರು ವಾರ ಕಾಯಬೇಡಿ. ಆ ದಿನವೇ ಫೌಂಡೇಶನ್‌ನವರಿಗೆ ತಿಳಿಸಿ. ನೀವೇ ಆ ಹುಡುಗಿಗೆ ಫೋನ್ ಮಾಡಲು ಹೋಗಬೇಡಿ.

ಈಗಿನ ಕಾಲದ ಇನ್ನೊಂದು ಪ್ರಶ್ನೆ ಚಾಟ್‌ಜಿಪಿಟಿ. ಎಲ್ಲ ಪ್ರಬಂಧವೂ ಅದೇ ಬರೆದದ್ದು ಅಂತ ಅನುಮಾನ ಬರುತ್ತದೆ. ಪತ್ತೇದಾರಿ ಮಾಡಬೇಡಿ. ಚೆನ್ನಾಗಿ ಬರೆದಿದ್ದಾಳೆ ಅಂತ ಅನುಮಾನ ಪಟ್ಟರೆ ನಿಜವಾಗಿ ಚೆನ್ನಾಗಿ ಬರೆಯುವವಳಿಗೆ ಶಿಕ್ಷೆ. ಅವಳಿಗೆ ಮಾತ್ರ ಗೊತ್ತಿರಬಹುದಾದ ವಿವರ ಇದೆಯಾ ಅಂತ ನೋಡಿ, ಎಂಟು ತಿಂಗಳ ಕಂತಿನ ಥರದ್ದು. ಅದಿದ್ದರೆ ಅಂಕ ತಾನಾಗಿ ಬರುತ್ತದೆ, ಇಲ್ಲದಿದ್ದರೆ ಪ್ರಬಂಧ ಯಾರು ಬರೆದರೂ ಟೊಳ್ಳೇ. ಆದರೆ ನೀವು ಮಾತ್ರ ಯಾವ ಅರ್ಜಿಯನ್ನೂ ಅಂಥ ಆ್ಯಪ್‌ಗೆ ಹಾಕಿ "ಸಾರಾಂಶ ಕೊಡು" ಅನ್ನಬೇಡಿ. ಅದು ಇನ್ನೊಬ್ಬಳ ಮನೆಯ ಗುಟ್ಟು, ಹಣದ ಲೆಕ್ಕ. ಡೌನ್‌ಲೋಡ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ. ಮಕ್ಕಳು ಆಟವಾಡುವ ಟ್ಯಾಬ್ಲೆಟ್‌ನಲ್ಲಿ ಪೋರ್ಟಲ್ ತೆರೆಯಲೇಬೇಡಿ.

ನಾದಿನಿಯ ಪ್ರಶ್ನೆ ಉಳಿಯಿತು. ದತ್ತಿ ಸಂಸ್ಥೆಗೆ, ಸಂಬಳವಿಲ್ಲದೆ, ಸಾಮಾನ್ಯವಾಗಿ ಸ್ವಯಂಸೇವಕರೇ ಮಾಡುವ ಕೆಲಸವನ್ನು ಎಚ್-4ನಲ್ಲಿರುವವರು ಮಾಡಬಹುದು. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಬಿಟ್ಟಿ ಮಾಡಿಕೊಡುವುದು ಮಾತ್ರ ಆಗುವುದಿಲ್ಲ. ಮುಂದೆ ಸಂಬಳದ ಕೆಲಸ ಕೊಡುತ್ತೇವೆ ಅನ್ನುವ ಮಾತಿನ ಮೇಲೆ ಮಾಡುವುದೂ ಸರಿಯಲ್ಲ. ಗೌರವಧನ, ಗಿಫ್ಟ್ ಕಾರ್ಡ್ ಅಂತ ಏನಾದರೂ ಕೊಡಲು ಬಂದರೆ ಬೇಡ ಅನ್ನಲಿ. ಅನುಮಾನ ಇದ್ದರೆ ವೀಸಾ ಕೆಲಸ ನೋಡಿಕೊಳ್ಳುವ ವಕೀಲರಿಗೆ ಒಂದು ಮೇಲ್ ಹಾಕಿ ಕೇಳುವುದು ಒಳ್ಳೆಯದು. ಅವಳು ಸೊರಾರಿಟಿ ಸದಸ್ಯೆ ಅಲ್ಲದ್ದರಿಂದ ನಿಮ್ಮ ಫೌಂಡೇಶನ್ ತೆಗೆದುಕೊಳ್ಳದೆ ಇರಬಹುದು. ಆಗ ಊರಿನವರ ದಾನ ಸೇರಿಸಿ ಹಂಚುವ ನಿಮ್ಮ ಊರಿನ ಸಮುದಾಯ ಫೌಂಡೇಶನ್ ಅನ್ನು ಕೇಳಲಿ. ಅವುಗಳ ಹತ್ತಿರ ಹತ್ತಾರು ಸಣ್ಣ ಸ್ಕಾಲರ್‌ಶಿಪ್ ಇರುತ್ತವೆ, ಓದುಗರ ಕೊರತೆ ಯಾವಾಗಲೂ ಇರುತ್ತದೆ. ಊರಿನಿಂದ ಇಲ್ಲಿಗೆ ಎಂಎಸ್, ಪಿಎಚ್‌ಡಿ ಮಾಡಲು ಬಂದ ಹುಡುಗಿ ಯಾರಾದರೂ ಗೊತ್ತಿದ್ದರೆ ಇದನ್ನೂ ಹೇಳಿ: ಪಿ.ಇ.ಓ. ಅನ್ನುವ ಸಂಘ ಹೊರದೇಶದ ಹೆಣ್ಣುಮಕ್ಕಳಿಗಾಗಿ 1949ರಲ್ಲಿ ಇಂಟರ್‌ನ್ಯಾಷನಲ್ ಪೀಸ್ ಸ್ಕಾಲರ್‌ಶಿಪ್ ಶುರು ಮಾಡಿತು. 1869ರಲ್ಲಿ ಅಯೋವಾದ ಒಂದು ಕಾಲೇಜಿನಲ್ಲಿ ಏಳು ಹುಡುಗಿಯರು ಕಟ್ಟಿದ ಸಂಘ ಅದು.

ನಿಮ್ಮ ಸಮಯಕ್ಕೆ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ಆದರೆ ನೀವು ಕೆಲಸ ಮಾಡುವ ಕಂಪನಿ ಉದ್ಯೋಗಿಗಳ ಸೇವೆಯ ಗಂಟೆಗೆ ಇಷ್ಟು ಅಂತ ಸಂಸ್ಥೆಗೆ ದಾನ ಕೊಡುವ ಪೈಕಿ ಇದ್ದರೆ, ಓದಿದ ಗಂಟೆಗಳನ್ನು ಬರೆದಿಟ್ಟುಕೊಳ್ಳಿ. ಅದು ಇನ್ನೊಂದು ಪುಸ್ತಕದ ಖರ್ಚಾಗುತ್ತದೆ.

ಕೊನೆಯ ಅಂಕ ಕಳಿಸಿದ ಮೇಲೆ ಪೋರ್ಟಲ್ ಮುಚ್ಚುತ್ತದೆ. ಯಾರಿಗೆ ಸಿಕ್ಕಿತು ಅಂತ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ನಾನು ಜಾಸ್ತಿ ಅಂಕ ಕೊಟ್ಟವರ ಹೆಸರು ಪಟ್ಟಿಯಲ್ಲಿ ಇಲ್ಲದ ವರ್ಷಗಳೂ ಇವೆ. ಎರಡು ದಿನ ಬೇಜಾರಾಗುತ್ತದೆ. ಮುಂದಿನ ವರ್ಷ ಮತ್ತೆ ಮೇಲ್ ಬರುತ್ತದೆ, ಮತ್ತೆ ಹೆಸರು ಕೊಡುತ್ತೇನೆ. ನೀವೂ ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಮೇಲ್‌ಗೆ ಉತ್ತರ ಬರೆಯಿರಿ. ಚಾಪ್ಟರ್ ಹೆಸರು, ಪರಿಚಯದ ಹುಡುಗಿಯ ವಿಷಯ ಎರಡನ್ನೂ ಮೊದಲ ಸಾಲಿನಲ್ಲೇ ಹೇಳಿ. 30 ಜಾಸ್ತಿ ಅನ್ನಿಸಿದರೆ, ಮೊದಲ ವರ್ಷಕ್ಕೆ 15 ಕೊಡಿ ಅಂತ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ.